ಬದುವಿನಾಚೆ ಹುಟ್ಟಿದ ಹುಲ್ಲು

ಮಲಕಾಜಪ್ಪನ ಹೆಂಡತಿ ತಾಯವ್ವನನ್ನು ಮಣ್ಣು ಮಾಡಿದ್ದು ಘೋಣಸಗಿಯ ಅವರ ಸ್ವಂತ ಹೊಲದಲ್ಲಿ, ಉತ್ತರದ ಬದುವಿನ ಪಕ್ಕದಲ್ಲಿ. ಎಪ್ಪತ್ತೆರಡನೆಯ ಇಸವಿಯ ಕಾರ್ತಿಕ ಮಾಸವದು. ಆ ವರ್ಷ ಮಳೆ ಹೋಗಿತ್ತು. ಎರೆಮಣ್ಣನ್ನು ಬಾವಿಯ ನೀರಿನಲ್ಲಿ ಕಲಸಿ, ಬಡಿದು, ಸಮಾಧಿಯ ಮೇಲೆ ಗದ್ದುಗೆ ಕಟ್ಟಿದ್ದರು. ಕಟ್ಟಿದ ದಿನ ಅದು ಎಣ್ಣೆ ಸವರಿದಂತೆ ನುಣ್ಣಗಿತ್ತು. ಶಿವರಾತ್ರಿ ದಾಟುವಷ್ಟರಲ್ಲಿ ಬಿರಿಯಿತು.

ಎರೆನೆಲ ಬೇಸಿಗೆಯಲ್ಲಿ ಬಿರಿಯುವುದು ಹೊಸ ಮಾತಲ್ಲ. ಹೊಲದ ತುಂಬ ಬಿರುಕುಗಳಿದ್ದವು. ಮಲಕಾಜಪ್ಪ ಅವುಗಳನ್ನು ದಾಟಿಕೊಂಡೇ ಮುದುಕನಾಗಿದ್ದ. ಆದರೆ ಹೆಂಡತಿಯನ್ನು ಸಮಾಧಿಯಲ್ಲಿ ಕೂರಿಸಿದ ನೆಲ ಬಿರಿದಾಗ ಅವನಿಗೆ ಸುಮ್ಮನಿರಲಾಗಲಿಲ್ಲ. ಬೇವಿನ ಕಡ್ಡಿಯೊಂದನ್ನು ಬಿರುಕಿನಲ್ಲಿ ಇಳಿಬಿಟ್ಟ. ಕಡ್ಡಿ ಕೈಜಾರಿ ಒಳಗೆ ಹೋಯಿತು. ತಳ ಮುಟ್ಟಿದ ಸಪ್ಪಳ ಕೇಳಿಸಲಿಲ್ಲ.

ಮಣ್ಣು ತುಂಬಿ ನೋಡಿದ. ವಾರದೊಳಗೆ ಮತ್ತೆ ಬಾಯಿ ಬಿಟ್ಟಿತು. ಕಲ್ಲು ಹಾಸೋಣವೆಂದರೆ, ಮಣ್ಣು ಕೂಡುವ ತನಕ, ವರ್ಷ ತುಂಬುವ ತನಕ ಕಲ್ಲು ಇಡಬಾರದೆಂದು ಮಠದ ಅಯ್ಯನವರು ಹೇಳಿದರು. ವರ್ಷ ತುಂಬುವುದಕ್ಕಿಂತ ಮೊದಲು ಮಿರಗದ, ಎಂದರೆ ಮೃಗಶಿರೆಯ, ಮಳೆ ಬರುತ್ತದೆ. ಮೊದಲ ದೊಡ್ಡ ಮಳೆಯ ನೀರು ಬಿರುಕಿಗೆ ಇಳಿದರೆ ಗದ್ದುಗೆ ಒಳಕ್ಕೆ ಕುಸಿಯುತ್ತದೆ. ಜೈನಾಪುರದಲ್ಲಿ ಅವನ ಬೀಗರೊಬ್ಬರ ಗದ್ದುಗೆ ಹಾಗೆ ಕುಸಿದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ದಿನ ಮನೆಯ ಮಂದಿ ಮುಖ ತಿರುಗಿಸಿ ಮಣ್ಣು ಎಳೆಯುತ್ತಿದ್ದರು. ತಾಯವ್ವನಿಗೆ ಹಾಗಾಗಬಾರದು. ಹುಲ್ಲಿನ ಬೇರು ಹಬ್ಬಿದ ನೆಲ ಅಷ್ಟು ಬಿರಿಯುವುದಿಲ್ಲ, ಮಳೆಗೆ ಜಾರುವುದಿಲ್ಲ. ಗದ್ದುಗೆಯ ಮೇಲೆ ಮಿರಗಕ್ಕೆ ಮೊದಲು ಹುಲ್ಲು ಹಿಡಿಸಬೇಕೆಂದು ಅವನು ನಿಶ್ಚಯಿಸಿದ.

ಹಾಗೆಂದು ಕರಿಕೆಹುಲ್ಲಿನ ಬೇರು ತಂದು ಊರಲು ಆ ವರ್ಷ ಕರಿಕೆ ಎಲ್ಲಿತ್ತು? ದನಗಳು ಬೇರುಸಹಿತ ಕಿತ್ತು ತಿಂದಿದ್ದವು. ಅವನ ಮಗನೂ ಎತ್ತುಗಳನ್ನು ಹೊಡೆದುಕೊಂಡು ಬಬಲೇಶ್ವರದ ಮೇವಿನ ಕ್ಯಾಂಪಿಗೆ ಹೋಗಿದ್ದ. ಮನೆಯಲ್ಲಿ ಸೊಸೆ ರೇಣುಕವ್ವ ಮತ್ತು ಮಲಕಾಜಪ್ಪ ಇಬ್ಬರೇ. ಬೇರು ಸಿಗದಿದ್ದರೆ ಬೀಜವಾದರೂ ಸಿಕ್ಕೀತೆಂದು ಅವನು ವಿಜಾಪುರಕ್ಕೆ ಹೋದ.

ಇಬ್ರಾಹಿಂಪುರದಲ್ಲಿ ರೈಲುಹಳಿಯ ಹತ್ತಿರ ಲಾಡಲೇಸಾಬನ ಮೇವಿನ ಅಡ್ಡೆ ಇತ್ತು. ಪರಊರಿನಿಂದ ವ್ಯಾಗನ್ನಿನಲ್ಲಿ ಬಂದ ಒಣಹುಲ್ಲಿನ ಪೆಂಡಿಗಳನ್ನು ಅಲ್ಲಿ ಇಳಿಸುತ್ತಿದ್ದರು.

“ಪೆಂಡಿ ಬೇಡ, ಬೀಜ ಬೇಕು,” ಎಂದ ಮಲಕಾಜಪ್ಪ.

“ಬರಗಾಲದಾಗ ಹುಲ್ಲು ಬಿತ್ತಾವ್ರು ನೀವ ಒಬ್ಬರು ನೋಡ್ರಿ ಅಪ್ಪಾರ,” ಎಂದು ಲಾಡಲೇಸಾಬ ನಕ್ಕ. ಯಾತಕ್ಕೆಂದು ತಿಳಿದ ಮೇಲೆ ನಗುವುದನ್ನು ನಿಲ್ಲಿಸಿದ. ಪೆಂಡಿ ಇಳಿಸಿದ ಜಾಗವನ್ನು ತಾನೇ ಗುಡಿಸಿ, ಹೊಟ್ಟು ತೂರಿ, ಉಳಿದ ಸಣ್ಣ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟ. ಬೆಲೆ ಕೇಳಿದರೆ, “ಮಣ್ಣಾದವ್ರಿಗೆ ಹಾಕೂ ಬೀಜಕ್ಕ ಬೆಲಿ ಹಚ್ಚಂಗಿಲ್ರಿ,” ಎಂದ. “ನಮ್ಮ ಅವ್ವನ ಖಬರಿನ ಮ್ಯಾಲೂ ಒಂದ ಹುಲ್ಲೂ ಉಳಿದಿಲ್ಲ ಈ ವರ್ಷ.”

ಮಲಕಾಜಪ್ಪ ಗದ್ದುಗೆಯ ಬಿರುಕುಗಳಲ್ಲಿ ಸೋಸಿದ ಮಣ್ಣು ತುಂಬಿದ. ಮೇಲೆ ಹಳೆಯ ಆಡಿನ ಗೊಬ್ಬರ ಹರಡಿದ. ಬೀಜಕ್ಕೆ ಒಲೆಯ ಬೂದಿ ಕಲಸಿದ. ಬೂದಿ ಹತ್ತಿದ ಬೀಜವನ್ನು ಹುಳ ಹುಪ್ಪಡಿ ಮುಟ್ಟುವುದಿಲ್ಲವೆಂಬುದು ಹಿಂದಿನವರ ಮಾತು. ಬಿತ್ತಿ, ಅಂಗೈಯಿಂದ ಮೆಲ್ಲನೆ ಅಮುಕಿ, ಮೇಲೆ ಗೋಣಿತಟ್ಟು ಹೊಚ್ಚಿದ. ಬಿಸಿಲು ಬೀಳದ ಮಣ್ಣಿನಲ್ಲಿ ಹಸಿ ಉಳಿಯುತ್ತದೆ. ನೀರನ್ನು ಸುರಿಯಲಿಲ್ಲ. ಬೇವಿನ ಟೊಂಗೆಯನ್ನು ಕೊಡದಲ್ಲಿ ಅದ್ದಿ, ಇಳಿಹೊತ್ತಿನಲ್ಲಿ ಗೋಣಿಯ ಮೇಲೆ ಸಿಂಪಡಿಸುತ್ತಿದ್ದ. ಗೋಣಿ ಕುಡಿದು ಮಣ್ಣಿಗೆ ಕುಡಿಸುತ್ತಿತ್ತು.

ಆ ನೀರು ಅವನು ತನ್ನ ಸ್ನಾನದಲ್ಲಿ ಉಳಿಸಿದ್ದು. ಎರಡು ಹೊಲಗಳ ನಡುವೆ ಒಂದೇ ಬಾವಿ, ಅದರಲ್ಲಿ ಒಂದೇ ಸಣ್ಣ ಸೆಲೆ. ಮುಂಜಾನೆ ಒಂದು ಮನೆ, ಸಂಜೆ ಒಂದು ಮನೆ ಸೇದಿಕೊಳ್ಳುವುದೆಂದು ಮಾತಾಗಿತ್ತು. ಬಾವಿಯ ರಾಟೆಯ ಗಾಲಿ ಮಲಕಾಜಪ್ಪನದು, ಹಗ್ಗ ಬದುವಿನಾಚೆಯ ಯಲಗೂರಪ್ಪನದು. ತಂದೆಯರ ಕಾಲದಿಂದ ಹೀಗೆಯೇ ನಡೆದು ಬಂದಿತ್ತು. ಲಿಂಗಪೂಜೆಗೆ ಮೊದಲು ಮೈಮೇಲೆ ಕೊಡ ಸುರಿದುಕೊಳ್ಳುತ್ತಿದ್ದ ಮಲಕಾಜಪ್ಪ ಈಗ ತಂಬಿಗೆಯಲ್ಲಿ ಮುಗಿಸಿ, ಉಳಿದದ್ದನ್ನು ಗದ್ದುಗೆಗೆ ಹೊರುತ್ತಿದ್ದ.

ಹೆಂಡತಿಯ ಒಂದು ನೇಮವನ್ನೂ ಅವನು ಕೈಬಿಟ್ಟಿರಲಿಲ್ಲ. ತಾಯವ್ವ ತಾನು ಉಣ್ಣುವ ಮೊದಲು ಒಂದು ಮುಷ್ಟಿ ರವೆಗೆ ಬೆಲ್ಲ ಕೂಡಿಸಿ ಇರುವೆಗೆ ಹಾಕಿ ಬರುತ್ತಿದ್ದಳು. ಎಲ್ಲಿ ಹಾಕುತ್ತಿದ್ದಳೆಂದು ಅವನು ಎಂದೂ ಕೇಳಿರಲಿಲ್ಲ. ಈಗ ಅವನು ಆ ಮುಷ್ಟಿಯನ್ನು ಗದ್ದುಗೆಯ ಮೂಡಣ ಮೂಲೆಯಲ್ಲಿ, ಗೋಣಿಯ ಅಂಚಿಗೆ ಹಾಕುತ್ತಿದ್ದ. ಅವಳ ಹೆಸರಿನ ಧರ್ಮ ಅವಳ ಹತ್ತಿರವೇ ನಡೆಯಲಿ ಎಂದು ಅವನ ಮನಸ್ಸು.

ಮೊಳಕೆ ಬರಬೇಕಾದ ಹೊತ್ತಿಗೆ ಗೋಣಿ ಎತ್ತಿ ನೋಡಿದ. ಏನೂ ಇರಲಿಲ್ಲ. ಮಣ್ಣು ಹಸಿಯಾಗಿತ್ತು, ಬರಿದಾಗಿತ್ತು. ಬೆರಳಿನಿಂದ ಕೆದರಿದ. ಬೀಜ ಕೊಳೆತಿದ್ದರೆ ಸಿಪ್ಪೆಯಾದರೂ ಇರಬೇಕಲ್ಲ. ಸಿಪ್ಪೆಯೂ ಇಲ್ಲ. ಉಳಿದಿದ್ದ ಅರ್ಧ ಬೀಜವನ್ನು ಮತ್ತೆ ಬಿತ್ತಿ ಮತ್ತೆ ಹೊಚ್ಚಿದ. ಈ ಸಲ ಕಾಯಲಾರದೆ ಬೇಗನೆ ಎತ್ತಿದ. ಆಗಲೂ ಬರಿದೇ. ಮತ್ತು ಗೋಣಿಯ ಪಕ್ಕದ ಮೆತ್ತನೆಯ ಮಣ್ಣಿನಲ್ಲಿ ಒಂದು ಹೆಜ್ಜೆ ಮೂಡಿತ್ತು. ಟಾಯರಿನ ಕೆರ, ಹಿಮ್ಮಡಿಯಲ್ಲಿ ಒಂದು ಮೊಳೆ ಹೊರಗೆ ಬಂದದ್ದು. ಅಂಥ ಕೆರ ಹಾಕುವವನು ಯಲಗೂರಪ್ಪ.

ಮನೆಗೆ ಬಂದು ರೇಣುಕವ್ವನಿಗೆ ಹೇಳಿದ.

“ಹಕ್ಕಿ ತಿಂದಿರಬೇಕ್ರಿ ಮಾವಾರ,” ಎಂದಳು ಆಕೆ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

“ಗೋಣಿ ಎತ್ತಿ, ತಿಂದು, ಮತ್ತ ಹೊಚ್ಚಿ ಹೋಗೂ ಹಕ್ಕಿ ನೀ ನೋಡೀಯೇನು?”

“ಯಲಗೂರಪ್ಪ ಕಾಕಾ ಅಂಥವ್ರಲ್ಲ ಬಿಡ್ರಿ.”

“ನಾ ಯಾರ ಹೆಸರೂ ಹೇಳಿಲ್ಲಲ್ಲ. ನಿನ್ನ ಬಾಯಾಗ ಆ ಹೆಸರ ಯಾಕ ಬಂತು?”

ಆಕೆ ಬಡಿದ ರೊಟ್ಟಿಯನ್ನು ಹೆಂಚಿಗೆ ಹಾಕಿ ಒಲೆಯ ಕಡೆ ತಿರುಗಿದಳು. ಅದೂ ಅವನಿಗೆ ಒಂದು ಸಾಕ್ಷಿಯಾಗಿ ಕಂಡಿತು.

ಕಾರಣ ಹುಡುಕಲು ಅವನು ದೂರ ಹೋಗಬೇಕಾಗಿರಲಿಲ್ಲ. ಬದುವಿನ ಕಲ್ಲಿನ ಬಗ್ಗೆ ಹಳೆಯ ಮಾತೊಂದಿತ್ತು. ಆ ಕಲ್ಲು ತಮ್ಮ ಕಡೆ ಸರಿದಿದೆ ಎಂದು ಯಲಗೂರಪ್ಪನ ತಂದೆ ಸಾಯುವ ತನಕ ಗೊಣಗಿದ್ದ. ಗದ್ದುಗೆ ಇರುವುದು ಆ ಕಲ್ಲಿನ ಮಗ್ಗುಲಲ್ಲೇ. ಹುಲ್ಲು ಬೆಳೆದ ಗದ್ದುಗೆಯೆಂದರೆ ನೆಲೆ ನಿಂತ ಗದ್ದುಗೆ. ನೆಲೆ ನಿಂತ ಗದ್ದುಗೆಯ ಜಾಗವನ್ನು ನಾಳೆ ಯಾರೂ ತಮ್ಮದೆನ್ನಲಾರರು. ಕುಸಿದರೆ? ಎಲ್ಲವೂ ತಾಳೆಯಾಗುತ್ತಿತ್ತು. ಆಮೇಲೆ ಅವನಿಗೆ ಯಲಗೂರಪ್ಪ ಎದುರು ಸಿಕ್ಕು ನಕ್ಕರೂ ಸಂಶಯ, ನಗದಿದ್ದರೂ ಸಂಶಯ.

ಒಂದು ಮುಂಜಾನೆ ಬಾವಿಯ ಹತ್ತಿರ ಇಬ್ಬರೂ ಕೂಡಿದರು. ಯಲಗೂರಪ್ಪ ಹಗ್ಗ ಎಳೆಯುತ್ತಿದ್ದ. ಅವನ ಹೆಂಡತಿ ಪರಸವ್ವ ಕೊಡ ತಿಕ್ಕುತ್ತಿದ್ದಳು.

“ಗದ್ದುಗಿ ಕಡಿ ಬಂದಿದ್ದೇನು?” ಎಂದು ಕೇಳಿದ ಮಲಕಾಜಪ್ಪ.

“ಯಾರ ಹೇಳಿದ್ರು?”

“ನಿನ್ನ ಕೆರ ಹೇಳಿದ್ವು.”

“ಅವು ಮಾತಾಡ್ತಾವಂದ್ರ ನನ್ನ ಯಾಕ ಕೇಳ್ತಿ? ಅವನ್ನ ಕೇಳು.”

“ಬಂದಿದ್ದಿ ಇಲ್ಲೊ?”

“ಬಂದಿದ್ನಿ,” ಎಂದ ಯಲಗೂರಪ್ಪ.

“ಯಾಕ?”

“ಅದನ್ನ ಹೇಳಂಗಿಲ್ಲ.”

“ಬೀಜ ಎಲ್ಲಿ ಹ್ವಾದ್ವು?”

ಯಲಗೂರಪ್ಪ ಬಕೀಟನ್ನು ಕಟ್ಟೆಯ ಮೇಲಿಟ್ಟ. “ಹುಲ್ಲಿನ ಬೀಜ ಕದ್ದು ನಾ ಏನ ಮಾಡ್ಲಿ, ರೊಟ್ಟಿ ಬಡೀಲೇನು?”

“ಬಂಡಾರ ಎತ್ತು.”

ಪರಸವ್ವನ ಕೈ ನಿಂತಿತು. ಯಲಗೂರಪ್ಪ ಬೀರದೇವರ ಒಕ್ಕಲು. ಸೊಂಟದ ಸಣ್ಣ ಚೀಲದಲ್ಲಿ ದೇವರ ಬಂಡಾರ, ಆ ಹಳದಿ ಅರಿಷಿಣದ ಪುಡಿ, ಸದಾ ಇರುತ್ತಿತ್ತು. ಅದನ್ನು ಎತ್ತಿ ಆಣೆ ಮಾಡಿದವನ ಮಾತಿನ ಮೇಲೆ ಊರಲ್ಲಿ ಮಾತಿರಲಿಲ್ಲ. ಎತ್ತಿಸಿದವನೂ ಅದನ್ನು ಹಗುರಾಗಿ ಎತ್ತಿಸುತ್ತಿರಲಿಲ್ಲ.

“ಅಣ್ಣಾ, ಅದೇನ ಮಾತಾಡ್ತಿ,” ಎಂದಳು ಪರಸವ್ವ. “ಮನಿ ಮುರದಾಗ ಕೇಳೂ ಆಣಿ ಅದು. ಹುಲ್ಲಿಗೇನು?”

“ಹುಲ್ಲಿಗಲ್ಲವಾ. ಆಕಿ ಗದ್ದುಗಿಗೆ.”

ಯಲಗೂರಪ್ಪ ಚೀಲ ಬಿಚ್ಚಿದ. ಒಂದು ಚಿಟಿಕೆ ಎತ್ತಿ ಹಿಡಿದು, “ನಿನ್ನ ಬೀಜ ನಾ ಮುಟ್ಟಿಲ್ಲ, ಯಾರ ಕಡಿಂದ್ಲೂ ಮುಟ್ಟಿಸಿಲ್ಲ. ಬೀರದೇವರಾಣಿ,” ಎಂದ. ಆ ಪುಡಿಯನ್ನು ಮಲಕಾಜಪ್ಪನ ಅಂಗೈಗೆ ಒತ್ತಿದ. ನಂತರ ಗಾಲಿಯಿಂದ ತನ್ನ ಹಗ್ಗವನ್ನು ಬಿಚ್ಚಿ, ಸುತ್ತಿ, ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಮಲಕಾಜಪ್ಪನೂ ಬಿಡಲಿಲ್ಲ. ಸಂಜೆ ಬಂದು ತನ್ನ ಗಾಲಿಯನ್ನು ಕಳಚಿಕೊಂಡು ಹೋದ. ಅಂದಿನಿಂದ ರೇಣುಕವ್ವ ಎತ್ತು ಕಟ್ಟುವ ಕಣ್ಣಿಹಗ್ಗಗಳನ್ನು ಗಂಟುಹಾಕಿ ಕೈಯಿಂದ ಎಳೆದಳು. ಪರಸವ್ವ ಹಗ್ಗವಿದ್ದರೂ ಗಾಲಿಯಿಲ್ಲದೆ ಎಳೆದಳು. ಬಾವಿಯ ಅಂಚಿನ ಕಲ್ಲಿಗೆ ಉಜ್ಜಿ ಹಗ್ಗವೂ ಸವೆಯಿತು, ಅಂಗೈಗಳೂ ಸವೆದವು. ಸೇದಿದ್ದರಲ್ಲಿ ಕಾಲುಭಾಗ ಮೇಲೆ ಬರುವಷ್ಟರಲ್ಲಿ ಚೆಲ್ಲುತ್ತಿತ್ತು. ಹೆಂಗಸರಿಬ್ಬರೂ ಗಂಡಸರನ್ನು ಬಯ್ಯುತ್ತಿದ್ದರು, ಆದರೆ ಒಬ್ಬರಿಗೊಬ್ಬರು ಕೊಡ ಎತ್ತಿಕೊಡುತ್ತಿದ್ದರು. ಅದನ್ನು ದೂರದಿಂದ ಕಂಡ ಮಲಕಾಜಪ್ಪ, ಸೊಸೆಯೂ ಆ ಕಡೆಯವಳಾದಳೆಂದುಕೊಂಡ.

ಲಿಂಗಪೂಜೆಗೆ ಕುಳಿತಾಗ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಎಡದ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ನೋಡಿದರೆ, ಬಲದ ಅಂಗೈಯ ಗೆರೆಗಳಲ್ಲಿ ಅರಿಷಿಣ ಉಳಿದಂತೆ ಅನಿಸುತ್ತಿತ್ತು. ಸುಳ್ಳು ಆಣೆ ಮಾಡಿದವನಿಗೆ ಏನಾದರೂ ಆಗದೆ ಇರುವುದಿಲ್ಲವೆಂದು ಅವನು ಒಳಗೊಳಗೇ ಕಾಯುತ್ತಿದ್ದ. ಯಲಗೂರಪ್ಪನ ಎಮ್ಮೆ ಕುಂಟಿತು. ಆಯಿತು, ಶುರುವಾಯಿತು ಅಂದುಕೊಂಡ. ಎಮ್ಮೆ ನೆಟ್ಟಗಾಯಿತು. ಆಮೇಲೆ ಪರಸವ್ವ ಜ್ವರ ಬಂದು ಮಲಗಿದಳು.

ಈ ಸುದ್ದಿ ತಂದವಳು ರೇಣುಕವ್ವ. “ಅತ್ತಿಯವ್ರಿಗೆ ಬಂದಂಥಾದ್ದೇ ಜ್ವರ ಐತ್ರಿ,” ಎಂದಳು. “ನಾ ಗಂಜಿ ಕೊಟ್ಟ ಬರ್ತೀನಿ. ನೀವ ಬ್ಯಾಡ ಅಂದ್ರೂ ಹೋಗಾಕಿ.”

ಮಲಕಾಜಪ್ಪ ಬೇಡವೆನ್ನಲಿಲ್ಲ. ತಾನು ಕಾಯುತ್ತಿದ್ದುದು ಇದನ್ನೇ ಏನು ಎಂದು ತನ್ನನ್ನು ಕೇಳಿಕೊಂಡ. ಆಣೆ ಮಾಡಿದವನು ಗಂಡ, ಮಲಗಿದವಳು ಹೆಂಡತಿ. ತಾಯವ್ವನ ಕೊನೆಯ ದಿನಗಳಲ್ಲಿ ಅವಳ ತಲೆ ಬಾಚಿದವಳು ಇದೇ ಪರಸವ್ವ. ಅವನು ಹೊರಗೆ ಕಟ್ಟೆಯ ಮೇಲೆ ಕುಳಿತು, ಪರಸವ್ವ ಏಳಲಿ ಎಂದು ಬೇಡಿಕೊಂಡ. ಅವಳು ಎದ್ದಳು. ಅವನಿಗೆ ಸಮಾಧಾನವಾಯಿತು. ಹಾಗಾದರೆ ಆಣೆ ನಿಜವೇ? ಆ ಪ್ರಶ್ನೆ ಸಮಾಧಾನವನ್ನು ಉಳಿಯಗೊಡಲಿಲ್ಲ. ಹೆಜ್ಜೆ ಸುಳ್ಳಲ್ಲವಲ್ಲ.

ಬೀಜ ಮುಗಿದಿತ್ತು. ಗದ್ದುಗೆ ಮತ್ತೆ ಬಿರಿಯತೊಡಗಿತ್ತು. ಆದರೂ ಅವನು ಗೋಣಿ ತೆಗೆಯಲಿಲ್ಲ, ನೀರು ಬಿಡಲಿಲ್ಲ, ರವೆಯ ಮುಷ್ಟಿಯನ್ನೂ ಬಿಡಲಿಲ್ಲ.

ರೋಹಿಣಿ ಮಳೆ ಎರಡು ಸಲ ಸಣ್ಣಗೆ ಹನಿಯಿತು. ನೆಲ ತೊಯ್ದಿತೇ ಹೊರತು ಬಿರುಕಿಗೆ ಇಳಿಯುವಷ್ಟು ನೀರಾಗಲಿಲ್ಲ. ಕೆಲವು ದಿನಗಳ ಮೇಲೆ ಮುಂಜಾನೆ ಗದ್ದುಗೆಗೆ ಬಂದ ಮಲಕಾಜಪ್ಪ ಬದುವಿನಾಚೆ ನೋಡಿ ನಿಂತುಬಿಟ್ಟ. ಯಲಗೂರಪ್ಪನ ಹೊಲದಲ್ಲಿ, ಬದುವಿಗೆ ಹತ್ತಿರವಾಗಿ, ಒಂದು ಬಂಡಿಗಾಲಿಯಷ್ಟು ಅಗಲದ ಹಸಿರು. ಬೆರಳುದ್ದದ ಹುಲ್ಲು ಒತ್ತೊತ್ತಾಗಿ ಎದ್ದಿತ್ತು. ಸುತ್ತಲ ಕರಿನೆಲದಲ್ಲಿ ಮತ್ತೆಲ್ಲೂ ಒಂದು ಎಸಳೂ ಇರಲಿಲ್ಲ.

ಸಿಕ್ಕಿಬಿದ್ದನಲ್ಲ, ಎಂದುಕೊಂಡು ಅವನು ಬದುವನ್ನು ದಾಟಿದ. ಆಣೆ ಮಾಡಿ ಕದ್ದ ಬೀಜವನ್ನು ತನ್ನ ಹೊಲದಲ್ಲೇ ಬಿತ್ತಿಕೊಂಡಿದ್ದಾನೆ. ಊರ ಮಂದಿಯನ್ನು ಕರೆದು ತೋರಿಸಬೇಕು. ಅದಕ್ಕೆ ಮೊದಲು ಬೀಜ ಅದೇ ಹೌದೋ ಅಲ್ಲವೋ ನೋಡೋಣವೆಂದು ಮೊಣಕಾಲೂರಿ ಕುಳಿತ.

ಹುಲ್ಲು ಬಳೆಯಂತೆ ದುಂಡಗೆ ಬೆಳೆದಿತ್ತು. ನಡುವೆ ಬರಿ ನೆಲ. ಆ ಬರಿ ನೆಲದ ನಡುವೆ ಒಂದು ಸಣ್ಣ ತೂತು. ಹುಲ್ಲಿನ ಬುಡದಲ್ಲಿ ಹೊಟ್ಟು, ಸುಲಿದ ಬೀಜದ ಸಿಪ್ಪೆ, ರಾಶಿರಾಶಿ. ತೂತಿನಿಂದ ಕರಿ ಇರುವೆಗಳು ಹೊರಟು, ಒಂದರ ಹಿಂದೊಂದು ಬದುವನ್ನು ಹತ್ತುತ್ತಿದ್ದವು. ಎದುರು ಬರುವ ಸಾಲಿನ ಇರುವೆಗಳ ಬಾಯಿಯಲ್ಲಿ ಏನೋ ಬಿಳಿಯದು ಇತ್ತು. ಅವನು ಬಗ್ಗಿ, ಒಂದರ ಮುಂದೆ ಬೆರಳಿಟ್ಟು ನೋಡಿದ. ರವೆಯ ಕಾಳು.

ಸಾಲನ್ನು ಹಿಡಿದು ಅವನು ಮಂಡಿಯ ಮೇಲೆಯೇ ಹಿಂದಕ್ಕೆ ಬಂದ. ಬದುವಿನ ಈಚೆ ಇಳಿಯಿತು ಸಾಲು. ಗದ್ದುಗೆಯ ಮೂಡಣ ಮೂಲೆಗೆ ಬಂತು. ಗೋಣಿಯ ಅಂಚಿನೊಳಗೆ ಹೊಕ್ಕಿತು. ಅವನು ಗೋಣಿಯನ್ನು ಪೂರ್ತಿ ಮಗುಚಿ, ಎಂದೂ ನೋಡದಿದ್ದ ಅದರ ಒಳಮೈಯನ್ನು ನೋಡಿದ. ತಂಪಾದ ಆ ಎಳೆಗಳ ತುಂಬ ಇರುವೆಗಳು ಮನೆಮಂದಿಯಂತೆ ಓಡಾಡುತ್ತಿದ್ದವು. ಬೂದಿಯನ್ನು ಅವನೇ ಸಿಂಪಡಿಸಿದ ನೀರು ಎಂದೋ ತೊಳೆದಿತ್ತು.

“ಸಿಕ್ತೇನು ಕಳುವಿನ ಮಾಲು?”

ಯಲಗೂರಪ್ಪ ಬದುವಿನ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

“ಇರಿವಿ ಒಯ್ದಾವ,” ಎಂದ ಮಲಕಾಜಪ್ಪ.

“ಯಾವ ಇರಿವಿ?”

“ನಾ ಸಾಕಿದ್ವು.”

ಯಲಗೂರಪ್ಪ ಇಳಿದು ಬಂದು, ಕುಕ್ಕುರುಗಾಲಿನಲ್ಲಿ ಕುಳಿತು, ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. “ರವಾ ಹಾಕಿ ಕರದಿ, ಗೋಣಿ ಹೊಚ್ಚಿ ನೆಳ್ಳ ಮಾಡಿದಿ, ನೀರ ಹೊಡದು ತಂಪ ಮಾಡಿದಿ. ಬೀಗರಿಗೂ ಇಷ್ಟ ಮಾಡಂಗಿಲ್ಲಲೇ ಯಾರೂ.”

ಮಲಕಾಜಪ್ಪನಿಗೆ ನಗು ಬರಲಿಲ್ಲ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಮಿರಗ ದೂರವಿರಲಿಲ್ಲ.

“ಆ ಹುಲ್ಲು ನನಗ ಬೇಕು ಯಲಗೂರಪ್ಪ.”

“ಯಾರ ನೆಲದಾಗ ಬೆಳದೈತಿ?”

“ನಿನ್ನ ನೆಲದಾಗ.”

“ಬೀಜ ಯಾರದು?”

“ನಂದು.”

“ಹಂಗಾರ ಬಂಡಾರ ಎತ್ತು.” ಯಲಗೂರಪ್ಪ ಸೊಂಟದ ಚೀಲವನ್ನು ಬಿಚ್ಚಿ ಅವನ ಮುಂದೆ ಹಿಡಿದ. ಅವನ ಮುಖದಲ್ಲಿ ಹಾಸ್ಯವಿರಲಿಲ್ಲ. “ನಂದಂತ ಆಣಿ ಮಾಡಿ ಒಯ್ಯಿ. ನಾ ಬ್ಯಾಡ ಅನ್ನಂಗಿಲ್ಲ.”

ಮಲಕಾಜಪ್ಪ ಕೈ ಚಾಚಿದ. ಚೀಲದ ಬಾಯಿಯ ತನಕ ಹೋದ ಕೈ ಅಲ್ಲೇ ನಿಂತಿತು. ಬೀಜ ಕೊಟ್ಟವನು ಲಾಡಲೇಸಾಬ, ತನ್ನ ತಾಯಿಯನ್ನು ನೆನೆದು ಕೊಟ್ಟದ್ದು. ಒಯ್ದ ಇರುವೆಗಳನ್ನು ಕರೆದವನು ತಾನು, ಹೆಂಡತಿಯನ್ನು ನೆನೆದು ಕರೆದದ್ದು. ಧರ್ಮಕ್ಕೆಂದು ಹಾಕಿದ ಮೇಲೆ ಇಷ್ಟು ಒಯ್ಯಿರಿ, ಇಷ್ಟು ಬಿಡಿರಿ ಎಂದು ಹೇಳುವುದುಂಟೆ? ಅವನು ಕೈ ಹಿಂದೆ ತೆಗೆದುಕೊಂಡ.

“ನಂದಂತ ಎತ್ತಾಕ ಆಗಂಗಿಲ್ಲ,” ಎಂದ. “ಆಕಿ ಹೆಸರಿಲೆ ಕೊಟ್ಟಿದ್ದು. ಕೊಟ್ಟ ಮ್ಯಾಲ ಅದು ಇರಿವೀದು. ನೆಲ ನಿಂದು. ನಂದೇನೂ ಇಲ್ಲ ಇದರಾಗ. ಬೇಡಾಕತ್ತೀನಿ, ಅಷ್ಟ.” ಗೋಣಿಯನ್ನು ಪಕ್ಕಕ್ಕೆ ಸರಿಸಿ ಹೇಳಿದ: “ನಿನ್ನ ಕಡಿಂದ ಎತ್ತಿಸಬಾರದಿತ್ತು. ಅದು ನನ್ನ ತೆಲಿ ಮ್ಯಾಲ ಐತಿ.”

ಯಲಗೂರಪ್ಪ ಚೀಲದ ಬಾಯಿ ಕಟ್ಟಿದ.

“ಅವತ್ತ ಯಾಕ ಬಂದಿದ್ನಿ ಅಂತ ಕೇಳಿದ್ದಿ,” ಎಂದ. “ಕಲ್ಲ ನೋಡಾಕ ಬಂದಿದ್ನಿ. ನೀ ದಿನಾ ಸಂಜಿಕ ಕೊಡಾ ಹೊತ್ತು ಬದುವಿನ ಕಡಿ ಬರಾಂವ. ನೀರಿಲ್ಲದ ವರ್ಷ ಯಾರಾರ ಹುಲ್ಲಿಗೆ ನೀರ ಹಾಕ್ತಾರೇನು? ಮಣ್ಣ ಮೆತ್ತಗ ಮಾಡಿ ಕಲ್ಲ ಸರಿಸಾಕ ಹತ್ಯಾನ ಅಂದ್ಕೊಂಡ್ನಿ.”

“ಸರಿಸಿದ್ನೇನು?”

“ಇಲ್ಲ.”

“ಅಷ್ಟ ಹೇಳಿದ್ರ ಆಗ್ತಿತ್ತಲ್ಲ ಬಾವಿ ಹತ್ರ.”

“ನಾಚಿಕಿ ಆತು,” ಎಂದ ಯಲಗೂರಪ್ಪ.

ಮಧ್ಯಾಹ್ನದೊಳಗೆ ಇಬ್ಬರೂ ಸಲಿಕೆ ಹಿಡಿದರು. ಹುಲ್ಲನ್ನು ಹಸಿಮಣ್ಣಿನೊಂದಿಗೆ ಅಂಗೈಯಗಲದ ಹೆಂಟೆಗಳಾಗಿ ಎತ್ತಿ, ಹಿಟ್ಟು ನಾದುವ ಪರಾತದಲ್ಲಿಟ್ಟು, ಬದು ದಾಟಿಸಿದರು. ಇರುವೆಯ ತೂತನ್ನು ಮುಟ್ಟಲಿಲ್ಲ. ಅದರ ಸುತ್ತ ಒಂದು ಸಾಲು ಹುಲ್ಲನ್ನೂ ಬಿಟ್ಟರು. ಗದ್ದುಗೆಯ ಬಿರುಕುಗಳಿಗೆ ಮಣ್ಣು ತುಂಬಿ, ಮೇಲೆ ಹೆಂಟೆಗಳನ್ನು ಒಂದಕ್ಕೊಂದು ಹತ್ತಿಸಿ ಅಮುಕಿದರು. ಅಷ್ಟರಲ್ಲಿ ಪರಸವ್ವ ರೇಣುಕವ್ವನ ಕೈ ಹಿಡಿದುಕೊಂಡು ಬಂದಳು. ಜ್ವರದಿಂದ ಎದ್ದವಳ ಮುಖ ಇನ್ನೂ ಇಳಿದಿತ್ತು.

“ರವಾ ಇಲ್ಲೇ ಹಾಕ್ತಿದ್ದೇನು ಅಣ್ಣಾ?” ಎಂದು ಕೇಳಿದಳು. “ತಾಯಕ್ಕ ಅಲ್ಲಿ, ತೆಂಕಣ ಬದುವಿನ ಬನ್ನಿಗಿಡದ ಬುಡಕ್ಕ ಹಾಕಿ ಬರ್ತಿದ್ಲು. ಬಿತ್ತಿದ ಕಡಿ ಹಾಕಬಾರದು, ಇರಿವಿಗೆ ಯಾವ್ದು ಧರ್ಮ, ಯಾವ್ದು ಬಿತ್ತಿದ್ದು ಅನ್ನೂದು ತಿಳಿಯಂಗಿಲ್ಲ ಅಂತಿದ್ಲು.”

“ನನಗ ಹೇಳಿರಲಿಲ್ಲ,” ಎಂದ ಮಲಕಾಜಪ್ಪ.

“ನೀ ಕೇಳಿದ್ದೇನು?”

ಪರಸವ್ವ ಗಂಡನ ಸೊಂಟದಿಂದ ಚೀಲವನ್ನು ತಾನೇ ಎಳೆದುಕೊಂಡಳು. ಗದ್ದುಗೆಯ ಸುತ್ತ ಬಂಡಾರದ ಒಂದು ಎಳೆಯನ್ನು, ಅಡಿಗೆಮನೆಯಲ್ಲಿ ಬೆಲ್ಲದ ಗಡಿಗೆಯ ಸುತ್ತ ಎಳೆಯುವ ಹಾಗೆ, ಬಿಡುತ್ತ ಹೋದಳು. “ಅರಿಷಿಣ ಇರಿವಿ ದಾಟಂಗಿಲ್ಲ,” ಎಂದಳು. “ದೇವರದ್ದು ಅಂದ್ರ ನೀವಿಬ್ಬರೂ ದಾಟಂಗಿಲ್ಲ.”

ಮಿರಗದ ಮಳೆ ಜೋರಾಗಿಯೇ ಬಂತು. ಮಳೆ ನಿಂತ ಮೇಲೆ ಮಲಕಾಜಪ್ಪ ಹೊಲಕ್ಕೆ ಹೋದ. ಗದ್ದುಗೆಯ ಒಂದು ಮೂಲೆ ತುಸು ಕೂತಿತ್ತು. ಉಳಿದದ್ದು ಹಾಗೆಯೇ ನಿಂತಿತ್ತು, ಮೇಲೆ ಹುಲ್ಲು ತಲೆ ತೊಳೆದಂತೆ ಹಸಿರಾಗಿತ್ತು. ಅವನು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ನಂತರ ಕೈಯಲ್ಲಿದ್ದ ರವೆಯ ಮುಷ್ಟಿಯನ್ನು ಬಿಚ್ಚದೆ ತೆಂಕಣ ಬದುವಿನ ಬನ್ನಿಗಿಡದ ಕಡೆ ನಡೆದ.

ತಿರುಗಿ ಬರುವಾಗ ಬಾವಿಯ ಕಡೆಯಿಂದ ಗಾಲಿಯ ಸಪ್ಪಳ ಕೇಳುತ್ತಿತ್ತು. ರೇಣುಕವ್ವ ಮುಂಜಾನೆಯೇ ಗಾಲಿ ಒಯ್ದು ಕಟ್ಟಿದ್ದಳು, ಅದರ ಮೇಲೆ ಪರಸವ್ವನ ಹಗ್ಗ ಓಡುತ್ತಿತ್ತು. ಗದ್ದುಗೆಯ ಮಗ್ಗುಲಲ್ಲಿ ಯಲಗೂರಪ್ಪ ಒಬ್ಬನೇ ನಿಂತಿದ್ದ. ಅವನು ಬದುವಿನ ಕಲ್ಲಿಗೆ ಕಾಲು ಹಚ್ಚಿ, ಮಳೆಗೆ ಅಲುಗಿದೆಯೋ ಹೇಗೆಂದು ಮೆಲ್ಲಗೆ ಒತ್ತಿ ನೋಡುತ್ತಿದ್ದ. ಮಲಕಾಜಪ್ಪ ಅದನ್ನು ಕಂಡ. ಕಲ್ಲು ಅಲುಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಬನ್ನಿಗಿಡದ ಕಡೆ ಹೋಗುವ ಮೊದಲು ತಾನೂ ಒತ್ತಿ ನೋಡಿದ್ದ. ಕೆಮ್ಮಿ ತನ್ನ ಸುಳಿವು ಕೊಟ್ಟು, ಯಲಗೂರಪ್ಪ ಕಾಲು ತೆಗೆಯುವ ತನಕ ಬೇವಿನ ಗಿಡದ ಕಡೆ ನೋಡುತ್ತ ನಿಂತ.